ಮೆಷಿನ್ನು ಒಪ್ಪದ ಹೆಬ್ಬೆಟ್ಟು

"ಥೂ ದರಿದ್ರದವಳೇ, ಎಣ್ಣೆ ಮೆತ್ಕೊಂಡು ಬಂದು ಗಾಜಿಗೆ ಒತ್ತಿದೀಯಲ್ಲೇ. ಇದೇನು ನಿಮ್ಮಪ್ಪ ತಂದಿಟ್ಟ ಮೆಷಿನ್ನಾ?"

ಗುಮಾಸ್ತ ಕರವಸ್ತ್ರ ತೆಗೆದು ಹಾಜರಿ ಮೆಷಿನ್ನಿನ ಗಾಜು ತಿಕ್ಕಿದ. ಹುಡುಗಿ ಹೆಬ್ಬೆಟ್ಟನ್ನು ದುಪಟ್ಟಾಕ್ಕೆ ಒರೆಸಿ ಮತ್ತೆ ಒತ್ತಿದಳು. ಕೆಂಪು ದೀಪ. ಇನ್ನೂ ಗಟ್ಟಿಯಾಗಿ ಒತ್ತಿದಳು. ಮತ್ತೆ ಕೆಂಪು ದೀಪ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.

ಎಣ್ಣೆಯ ಉಪಾಯ ಅವಳಮ್ಮನದು. ತಲೆಗೆ ಹಚ್ಚುವ ಎಣ್ಣೆಯಲ್ಲಿ ಬೆರಳು ನೆನೆಸಿಟ್ಟರೆ ಸವೆದ ಗೆರೆ ಮೇಲೆ ಬರುತ್ತದೆ ಅಂತ ಯಾರೋ ಹೇಳಿದ್ದರು, ತಾಯಿ ಮಗಳು ನಂಬಿಬಿಟ್ಟರು. ನಂಬದೆ ಮಾಡುವುದಾದರೂ ಏನು? ಇಬ್ಬರ ಬೆರಳ ತುದಿಗಳೂ ಬೋಳಾಗಿದ್ದವು. ಬೆಳಗಾಗುತ್ತಲೇ ಕಾಲೇಜಿನ ಕಕ್ಕಸುಗಳನ್ನೆಲ್ಲ ಆ್ಯಸಿಡ್ ನೀರು ಹಾಕಿ ಉಜ್ಜುವುದು ಅವರ ಕೆಲಸ. ತಾಯಿಗೆ ಅದಕ್ಕೆ ಸಂಬಳ ಸಿಗುತ್ತಿತ್ತು. ಮಗಳಿಗೆ ಸಂಬಳದ ಬದಲು ಫೀಸು ಮಾಫಿ. ಆಡಳಿತದ ಮಹಾನುಭಾವರು ಇದನ್ನು ಔದಾರ್ಯ ಅಂತ ಕರೆಯುತ್ತಿದ್ದರು. ಕೈಗೆ ಗ್ಲೌಸ್ ಕೇಳಿದಾಗ ಅದೇ ಮಹಾನುಭಾವರು, "ಸೋಪು ಕೊಟ್ಟಿಲ್ವಾ?" ಅಂದಿದ್ದರು.

ಉಜ್ಜಿ, ಬಟ್ಟೆ ಬದಲಿಸಿ, ಏದುಸಿರು ಬಿಡುತ್ತ ಅವಳು ಒಂದು ದಿನವೂ ತಪ್ಪದೆ ಮೊದಲ ಪಾಠಕ್ಕೆ ಹೋಗಿ ಕೂತಿದ್ದಳು. ಆದರೆ ಮೆಷಿನ್ನಿನ ಪ್ರಕಾರ ಈ ವರ್ಷ ಅವಳು ಕಾಲೇಜಿನ ಮುಖವನ್ನೇ ನೋಡಿರಲಿಲ್ಲ.

"ಹಾಜರಿ ಇಲ್ಲ ಅಂದ್ರೆ ಹಾಲ್ ಟಿಕೆಟ್ ಇಲ್ಲ. ನಾಳೆ ಪರೀಕ್ಷೆ ಬರಿಯೋ ಆಸೆ ಬಿಡು," ಅಂದ ಗುಮಾಸ್ತ.

"ಮೇಷ್ಟ್ರನ್ನ ಕೇಳಿ ಸಾರ್. ದಿನಾ ಬಂದಿದೀನಿ."

"ಮೇಷ್ಟ್ರು ಸುಳ್ಳು ಹೇಳ್ಬೋದು, ಮೆಷಿನ್ ಹೇಳಲ್ಲ. ಪ್ರಿನ್ಸಿಪಾಲ್ರ ಹತ್ರ ಹೋಗಿ ಸಾಯಿ."

ಪ್ರಿನ್ಸಿಪಾಲರಿಗೆ ಅವತ್ತು ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ವಿದ್ಯಾರ್ಥಿಗಳ ಮಾನಸಿಕ ಒತ್ತಡದ ಬಗ್ಗೆ ಭಾಷಣ ಮಾಡಲು ದೊಡ್ಡ ಡಾಕ್ಟರೊಬ್ಬರು ಬರುವವರಿದ್ದರು. ಕತ್ತೆತ್ತದೆಯೇ ಪರಿಹಾರ ಸೂಚಿಸಿದರು.

"ಒಂದು ಅರ್ಜಿ ಬರ್ಕೊಡು. ಟೆನ್ಷನ್ ಆಗಿ ತಲೆ ಕೆಟ್ಟಿತ್ತು, ಮನೇಲೇ ಬಿದ್ಕೊಂಡಿದ್ದೆ ಅಂತ. ಡಾಕ್ಟ್ರ ಹತ್ರ ಸೈನ್ ಹಾಕಿಸ್ತೀನಿ. ನಿನ್ನಂಥೋರಿಗೂ ಕರುಣೆ ತೋರಿಸೋ ಕಾಲೇಜಮ್ಮ ಇದು."

"ನಾನು ಮನೇಲಿರ್ಲಿಲ್ಲ ಸಾರ್, ಇಲ್ಲೇ ಇದ್ದೆ. ಇಲ್ದಿದ್ರೆ ನಿಮ್ಮ ಕಕ್ಕಸು ಉಜ್ಜಿದ್ದು ಯಾರು?"

ಈಗ ಅವರು ಕತ್ತೆತ್ತಿದರು. "ನಾಲಗೆ ಉದ್ದ ಆಯ್ತು. ನಿಮ್ಮಮ್ಮನ ಕೆಲಸಾನೂ ಇಲ್ಲೇ ಅಲ್ವಾ?"

ಹೊರಗೆ ಬಾಗಿಲ ಪಕ್ಕದಲ್ಲಿ ನಿಂತಿದ್ದ ತಾಯಿ ಮಗಳ ಕೈ ಹಿಡಿದುಕೊಂಡಳು. "ಬರ್ಕೊಟ್ಬಿಡೇ ನನ್ನವ್ವ. ನಿನ್ ಕಾಲಿಗೆ ಬೀಳ್ತೀನಿ. ಹುಚ್ಚಿ ಅಂತ ಬರೆದ್ರೆ ನೀನೇನು ಹುಚ್ಚಿ ಆಗ್ಬಿಡ್ತೀಯಾ?"

"ನಿನ್ ಜೊತೆ ಉಜ್ಜಿದ್ದು, ಆಮೇಲೆ ಕ್ಲಾಸಿಗೆ ಓಡಿದ್ದು, ಎಲ್ಲಾ ಸುಳ್ಳು ಅಂತ ನಾನೇ ಬರೀಬೇಕೇನಮ್ಮಾ?"

ಡಾಕ್ಟರು ಬರುವಷ್ಟರಲ್ಲಿ ಕಾರಿಡಾರು ಒರೆಸಬೇಕಿತ್ತು, ತಾಯಿ ಹೋದಳು. ಬೆದರಿಸಿದವರಿಗಿಂತ, ಬೆದರಿಕೆಗೆ ಬಗ್ಗಿ ಸುಮ್ಮನೆ ಹೋದ ಅಮ್ಮನ ಮೇಲೇ ಮಗಳಿಗೆ ಹೆಚ್ಚು ಸಿಟ್ಟು ಬಂತು.

ಸಭಾಂಗಣ ತುಂಬಿತ್ತು. ಡಾಕ್ಟರು ನಗುನಗುತ್ತಲೇ ಶುರು ಮಾಡಿದರು. "ನಿಮ್ಮ ಒತ್ತಡಕ್ಕೆ ನೀವೇ ಕಾರಣ. ಸದಾ ಮೊಬೈಲು, ಹೊತ್ತು ಹೊತ್ತಿಗೆ ನಿದ್ದೆ ಇಲ್ಲ, ಇನ್ನೊಬ್ಬರ ಜೊತೆ ಹೋಲಿಕೆ. ಈಗ ಎಲ್ಲರೂ ಕಣ್ಣು ಮುಚ್ಚಿ. ಉದ್ದಕ್ಕೆ ಉಸಿರು ಎಳ್ಕೊಳ್ಳಿ. ಮುಖದ ಮೇಲೆ ನಗು ಇರಲಿ."

ಎಲ್ಲರೂ ಕಣ್ಣು ಮುಚ್ಚಿ ನಕ್ಕರು. ಪ್ರಿನ್ಸಿಪಾಲರೂ ನಕ್ಕರು. ಹುಡುಗಿ ಎದ್ದು ಹೊರಗೆ ಹೋದಳು.

ಅವರು ಕಣ್ಣು ಬಿಡುವ ಹೊತ್ತಿಗೆ ಅವಳು ವೇದಿಕೆಯ ಮೇಲಿದ್ದಳು. ಆ್ಯಸಿಡ್ ನೀರು ತುಂಬಿದ ಕಕ್ಕಸಿನ ಮಗ್ಗನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಪ್ರಿನ್ಸಿಪಾಲರ ಮುಂದೆ, ಹೂಗುಚ್ಛದ ಪಕ್ಕದಲ್ಲಿಟ್ಟಳು. ಆ್ಯಸಿಡ್ಡಿನ ಘಾಟು ಮೊದಲ ಸಾಲಿನ ಮೂಗಿಗೆ ಹತ್ತಿತು.

"ಏನೇ ಇದು, ಥೂ, ತೆಗಿಯೇ ಅದನ್ನ," ಪ್ರಿನ್ಸಿಪಾಲರು ಮೂಗು ಮುಚ್ಚಿಕೊಂಡರು.

"ತೆಗೀತೀನಿ ಸಾರ್. ಡಾಕ್ಟ್ರು ಮಾತು ಮುಗ್ಸೋ ತನಕ ನಿಮ್ಮ ಹೆಬ್ಬೆಟ್ಟು ಇದ್ರಲ್ಲಿ ಇಟ್ಕೊಂಡಿರಿ. ಆಮೇಲೆ ಹೋಗಿ ಮೆಷಿನ್ನಿಗೆ ಒತ್ತಿ. ಹಸಿರು ದೀಪ ಬಂದ್ರೆ ನಾನು ಹುಚ್ಚಿ ಅಂತ ಇಲ್ಲೇ ಬರ್ಕೊಡ್ತೀನಿ."

ಡಾಕ್ಟರು ಮೃದುವಾಗಿ ಅವಳ ಕಡೆ ಬಾಗಿದರು. "ನಿಂಗೆ ತುಂಬಾ ಟೆನ್ಷನ್ ಆಗಿದೆ. ಒಂದ್ಸಲ ಉಸಿರು ಎಳ್ಕೊಳ್ಳಮ್ಮ."

"ವರ್ಷವೆಲ್ಲ ಇದನ್ನೇ ಎಳ್ಕೊಂಡಿದೀನಿ ಸಾರ್. ಈಗ ನೀವು ಎಳ್ಕೊಳ್ಳಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರ ಮುಖ ಕೆಂಪೇರಿತು. "ಏ ಆಯಾ! ಎಲ್ಲಿ ಸತ್ತೆ? ನಿನ್ ಮಗಳನ್ನೂ ಈ ದರಿದ್ರಾನೂ ಎಳ್ಕೊಂಡು ಹೋಗು. ಇಲ್ಲಾಂದ್ರೆ ನಾಳೆಯಿಂದ ನಿಂಗೆ ಕೆಲಸ ಇಲ್ಲ."

ತಾಯಿ ಬಾಗಿಲಲ್ಲಿದ್ದಳು. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸುತ್ತ, ಎಲ್ಲರೂ ನೋಡುತ್ತಿದ್ದಂತೆ ವೇದಿಕೆ ಹತ್ತಿದಳು. ಮಗಳ ಮುಖವನ್ನು ನೋಡಲಿಲ್ಲ. ಮಗ್ಗಿನ ಹಿಡಿಗೆ ಕೈ ಹಾಕಿದಳು. ಮುಗಿಯಿತು, ಇವಳು ಈಗಲೂ ತಲೆ ಬಗ್ಗಿಸಿಕೊಂಡು ಹೊತ್ತೊಯ್ಯುತ್ತಾಳೆ ಅಂದುಕೊಂಡಳು ಮಗಳು.

ತಾಯಿ ಮಗ್ಗನ್ನು ಎತ್ತಲಿಲ್ಲ. ಮೇಜಿನ ಅಂಚಿನ ತನಕ, ಪ್ರಿನ್ಸಿಪಾಲರ ಎದೆಯ ಹತ್ತಿರಕ್ಕೆ ತಳ್ಳಿದಳು.

"ಅದ್ದಿ ಸ್ವಾಮಿ," ಅಂದಳು. "ಹುಡುಗಿ ಕೇಳ್ತಾವ್ಳಲ್ಲ."

ಪ್ರಿನ್ಸಿಪಾಲರು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು.