ಮೂರನೇ ಗೇರಿನ ತಿರುವು

ಅಕ್ಕನ ಎಡಗಾಲು ಮೊದಲು ಮೆಟ್ಟಿಲ ಮೇಲೆ ಕೈಕೊಟ್ಟಿತು, ಆಮೇಲೆ ಕ್ಲಚ್ಚಿನ ಮೇಲೆ. ನರ ಸೋಲುವ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವಳು ಆಸ್ಪತ್ರೆಯಿಂದ ನೇರವಾಗಿ ತಂಗಿಯ ವರ್ಕ್‌ಶಾಪಿಗೆ ಬಂದಳು. ಜಜ್ಜಿಹೋದ ಬಸ್ಸುಗಳ ತಗಡು ಬಡಿದು ನೇರ ಮಾಡುವುದು ತಂಗಿಯ ಕೆಲಸ.

"ನನ್ನ ಕಾರಿನ ಹಿಂದಿನ ಆಕ್ಸಲ್‌ಗೆ ಅಗಲದ ಚಕ್ರ ಹಾಕಿಕೊಡ್ತೀಯಾ?"

"ಡಾಕ್ಟರ್ ಏನಂದ್ರು?"

"ಅದು ಎಲ್ಲೂ ಓಡಿಹೋಗಲ್ಲ, ಆಮೇಲೆ ಹೇಳ್ತೀನಿ. ಮೊದಲು ಚಕ್ರ."

ಎರಡೇ ಸೀಟಿನ, ಉದ್ದ ಮೂತಿಯ ಆ ಹಳೆಯ ಕಾರು ಅಕ್ಕತಂಗಿಯರಿಬ್ಬರಿಗಿಂತ ವಯಸ್ಸಿನಲ್ಲಿ ದೊಡ್ಡದು. ಗುಡ್ಡದ ದಾರಿಯ ರೇಸುಗಳಲ್ಲಿ ಅಕ್ಕ ಅದರಲ್ಲೇ ಗಂಡಸರಿಗೆ ಧೂಳು ಕುಡಿಸಿದ್ದಳು. ಈಗ ಅವಳದೊಂದು ಲೆಕ್ಕಾಚಾರವಿತ್ತು. ಗುಡ್ಡದ ಕಡಿದಾದ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ. ಅದಕ್ಕೇ ಎರಡನೇ ಗೇರಿಗೆ ಇಳಿಯಬೇಕು, ಇಳಿಯಲು ಕ್ಲಚ್ ತುಳಿಯಬೇಕು. ಚಕ್ರ ಅಗಲವಾಗಿ ರಸ್ತೆಯನ್ನು ಕಚ್ಚಿ ಹಿಡಿದರೆ ಮೂರನೇ ಗೇರಿನಲ್ಲೇ ತುದಿ ಮುಟ್ಟಬಹುದು.

"ಹೊರಡುವಾಗ ಮೊಣಕಾಲನ್ನ ಕೈಯಲ್ಲಿ ಒತ್ತಿಕೊಳ್ತೀನಿ, ಪಕ್ಕದಲ್ಲಿ ಕೂತು ನೀನು ಗೇರ್ ಹಾಕು. ಆಮೇಲೆ ಆ ಹಾಳು ಕಾಲಿನ ಹಂಗೇ ಇಲ್ಲ."

ಕಾಲು ಸೋತರೆ ಚಕ್ರವೇನು ಮಾಡೀತು ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡು ಅಳತೆಪಟ್ಟಿ ತೆಗೆದಳು.

ಚಕ್ರ ಸಿಕ್ಕಿತು, ಆದರೆ ಕೂರಲಿಲ್ಲ. ಒಳಗಡೆ ಸ್ಪ್ರಿಂಗ್ ಪಟ್ಟಿಗೆ ತಾಗಿತು. ಚಕ್ರಕ್ಕೂ ಆಕ್ಸಲ್ಲಿಗೂ ನಡುವೆ ದಪ್ಪ ಬಿಲ್ಲೆ ಕೊಟ್ಟು, ಉದ್ದನೆಯ ಬೋಲ್ಟು ಹಾಕಿ ಹೊರಗೆ ತಳ್ಳಿದರೆ ಮಡ್‌ಗಾರ್ಡಿನ ಅಂಚು ಟೈರನ್ನು ಕೆರೆಯಿತು. ಅತ್ತ ದರಿ, ಇತ್ತ ಪುಲಿ.

"ಅಂಚು ಕತ್ತರಿಸಿಬಿಡ್ಲಾ?"

"ನನ್ನ ಕಾಲು ಬೇಕಾದ್ರೆ ಕತ್ತರಿಸು. ಅದಕ್ಕೆ ಕೈ ಹಚ್ಚಬೇಡ."

ಹಾಗಾಗಿ ತಂಗಿ ಅಂಚನ್ನು ಕಾಯಿಸಿ, ಮರದ ಸುತ್ತಿಗೆಯಲ್ಲಿ ಮೆಲ್ಲಮೆಲ್ಲನೆ ಬಡಿದು ಒಳಕ್ಕೆ ಮಡಿಸಿದಳು. ತಿರುವಿನಲ್ಲಿ ಕಾರಿನ ಮೈ ಆಕ್ಸಲ್ ಮೇಲೆ ಪಕ್ಕಕ್ಕೆ ವಾಲುತ್ತದೆ. ಅದಕ್ಕೆಂದು ಬೆರಳು ತೂರುವಷ್ಟು ಜಾಗ ಬಿಟ್ಟಳು. ಕೆಲಸ ಶುರುವಾದಾಗ ಅಕ್ಕ ನಿಂತು ದೀಪ ಹಿಡಿಯುತ್ತಿದ್ದಳು. ಬಣ್ಣ ಹಚ್ಚುವ ಹೊತ್ತಿಗೆ ಕೂತು ಹಿಡಿಯುತ್ತಿದ್ದಳು.

ಭಾವ ಬಂದು ನೋಡಿ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ," ಎಂದು ನಕ್ಕ. ಅಕ್ಕ ಅತ್ತ ಹೋದ ಮೇಲೆ ದನಿ ತಗ್ಗಿಸಿದ. "ನೀನಾದ್ರೂ ಬೇಡ ಅನ್ನಬಾರದಿತ್ತಾ?"

"ನೀವು ಅಂದ್ರಾ, ಭಾವ?"

ಅವನು ಟೈರನ್ನು ಸುಮ್ಮನೆ ಬೆರಳಿನಿಂದ ಒತ್ತಿ ನೋಡಿ ಹೊರಟುಹೋದ.

ಒಂದು ಬೆಳಿಗ್ಗೆ ಅಕ್ಕತಂಗಿ ಹೊರಟರು. ಅಕ್ಕ ಮೊಣಕಾಲು ಒತ್ತಿದಳು, ತಂಗಿ ಗೇರ್ ಹಾಕಿದಳು. ಸಮತಟ್ಟು ಮುಗಿಯುವಷ್ಟರಲ್ಲಿ ಕಾರು ಮೂರನೇ ಗೇರಿನಲ್ಲಿತ್ತು. ತಿರುವು ಎದುರಾಯಿತು. ತಂಗಿ ಬಾಗಿಲನ್ನು ಬಿಗಿಯಾಗಿ ಹಿಡಿದಳು. ಹಿಂದಿನ ಚಕ್ರಗಳು ಜಾರಲಿಲ್ಲ, ಕೆರೆಯಲೂ ಇಲ್ಲ; ಕಾರು ಹಳಿಯ ಮೇಲಿದ್ದಂತೆ ತಿರುಗಿ ಮೇಲೇರಿತು.

"ನೋಡಿದ್ಯಾ! ಗೋಂದು ಹಚ್ಚಿದ ಹಾಗೆ!" ಅಕ್ಕ ಕೂಗಿದಳು. ಎಷ್ಟೋ ತಿಂಗಳಿಂದ ಕೇಳದ ನಗು ಅದು.

ತಿರುವಿನಾಚೆ ಲಾರಿಯೊಂದು ರಸ್ತೆಗಡ್ಡವಾಗಿ ಹಿಂದಕ್ಕೆ ಬರುತ್ತಿತ್ತು. ಅಕ್ಕ ಬ್ರೇಕ್ ತುಳಿದಳು.

"ಕ್ಲಚ್, ಅಕ್ಕ! ಕ್ಲಚ್!"

ಎಡಗಾಲು ಅಲ್ಲಾಡಲಿಲ್ಲ. ಅಕ್ಕ ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದಳು. ಎಂಜಿನ್ ಮೈಯೆಲ್ಲ ನಡುಗಿಸಿ ಸತ್ತಿತು. ಕಾರು ಲಾರಿಗೆ ತಾಗಲಿಲ್ಲ. ಚಾಲಕ ಕೈಬೀಸಿ, ಲಾರಿ ತಿರುಗಿಸಿಕೊಂಡು ಹೋದ.

ರಸ್ತೆ ಖಾಲಿಯಾಯಿತು. ಅಕ್ಕ ಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿದಳು. ಪಾದ ಪೆಡಲಿನಿಂದ ಜಾರಿತು. ಎತ್ತಿ ಇಟ್ಟು ಮತ್ತೆ ಒತ್ತಿದಳು. ಮತ್ತೆ ಜಾರಿತು. ತಂಗಿ ಸಹಾಯಕ್ಕೆ ಕೈ ಚಾಚಿದಾಗ ಅದನ್ನು ತಳ್ಳಿದಳು. ಹಣೆಯ ಮೇಲೆ ಬೆವರೊಡೆಯಿತು. ಕೊನೆಗೆ ಸ್ಟೀರಿಂಗಿನಿಂದ ಕೈ ತೆಗೆದು, "ನೀನು ಈ ಕಡೆ ಬಾ," ಎಂದಳು.

ತಂಗಿಗೆ ಆ ಕಾರು ಓಡಿಸಿ ಅಭ್ಯಾಸವಿರಲಿಲ್ಲ. ವಾಪಸ್ ಬರುವಾಗ ಇಳಿಜಾರಿನುದ್ದಕ್ಕೂ ಗೇರು ಕರಕರ ಎಂದಿತು. ಮೊದಲಾಗಿದ್ದರೆ ಅಕ್ಕ, "ಕಬ್ಬಿಣ ಅಗಿತಿದ್ದೀಯಾ?" ಎಂದು ಬೈದು ಬಾಯಿ ಮುಚ್ಚಿಸುತ್ತಿದ್ದಳು. ಈಗ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಒಂದಾದರೂ ಬೈಗುಳ ಬರಲಿ ಎಂದು ತಂಗಿ ಕಾದಳು.

ಅಕ್ಕನ ಮನೆಯ ಗೇಟಿನ ಬಳಿ ಭಾವ ಕಾಯುತ್ತಿದ್ದ. ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ನೋಡಿದ. ಬಗ್ಗಿ ಹೆಂಡತಿಯನ್ನು ಎತ್ತಿಕೊಂಡ. ಅವಳು ಬೇಡವೆನ್ನಲಿಲ್ಲ.

"ತೆಳು ಚಕ್ರಾನೇ ವಾಪಸ್ ಹಾಕಿಬಿಡು," ಎಂದಳು ಅವನ ಭುಜದ ಮೇಲಿಂದ. "ನೀನು ನಿಧಾನಕ್ಕೆ ಓಡಿಸೋಳು. ನಿನಗೆ ಅಷ್ಟೇ ಸಾಕು."

"ಈ ಕಾರು ನನಗೆ ಬೇಡ ಅಕ್ಕ."

"ಮತ್ತೆ ಇನ್ಯಾರಿಗೆ?"

ತಂಗಿ ಚಕ್ರದ ಮೇಲಿನ ಮಡಿಸಿದ ಅಂಚನ್ನು ಬೆರಳಿನಿಂದ ಸವರಿದಳು. ಭಾವ ಅಕ್ಕನನ್ನು ಒಳಗೆ ಹೊತ್ತೊಯ್ದು ಮಂಚದ ಮೇಲೆ ಕೂರಿಸಿ, ಅವಳ ಚಪ್ಪಲಿ ಬಿಚ್ಚುವುದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು.