ಕೋಟು ತೊಟ್ಟ ಗಿರಾಕಿ

ಮಾವನವರ ವಿದೇಶಯಾನಕ್ಕೆ ಪಾಸ್‌ಪೋರ್ಟೂ ಬೇಕಾಗಿರಲಿಲ್ಲ, ವಿಮಾನವೂ ಬೇಕಾಗಿರಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದ್ದ ಒಂದು ಬೂದುಬಣ್ಣದ ಉಣ್ಣೆಯ ಕೋಟು ಸಾಕಾಗಿತ್ತು. ಅದನ್ನು ತೊಟ್ಟು, ಕಾಲರನ್ನು ಕಿವಿಯವರೆಗೆ ಎತ್ತಿ, ತಮ್ಮ ಕೋಣೆಯಿಂದ ಹೊರಟು ಪಡಸಾಲೆ ದಾಟಿ ಮುಂದಿನ ಕೋಣೆಗೆ ಬರುವಷ್ಟರಲ್ಲಿ ಅವರು ಯಾವುದೋ ಶೀತಪ್ರದೇಶದ ಪ್ರಜೆಯಾಗಿಬಿಡುತ್ತಿದ್ದರು. ಮನೆಯೊಳಗೆ ದಿನವಿಡೀ ಚಪ್ಪಲಿ ಎಳೆಯುತ್ತ ಓಡಾಡುವ ಅದೇ ಮನುಷ್ಯನ ಹೆಜ್ಜೆಗಳು ಆಗ ಹಿಮ ತುಳಿಯುವವನ ಹೆಜ್ಜೆಗಳಂತೆ ಎತ್ತರಕ್ಕೆದ್ದು ಜಾಗರೂಕತೆಯಿಂದ ಇಳಿಯುತ್ತಿದ್ದವು. ಬಿಸಿಲುದೇಶದ ಪಾಳಿಯಿದ್ದ ದಿನ ಕೋಟು ತೋಳಿನ ಮೇಲೆ, ತಲೆಗೊಂದು ನಾರಿನ ಟೋಪಿ. ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ ಸೊಸೆಗೆ ಬಾಗಿಲು ತಟ್ಟಿದ ಸದ್ದು ಕೇಳಿದರೆ ಅಂದಿನ ಕೆಲಸ ಕೆಟ್ಟಿತೆಂದೇ ಅರ್ಥ. ಮಾವನಾದರೆ ತಟ್ಟದೆ ಬರುತ್ತಾರೆ, ತಟ್ಟಿದರೆಂದರೆ ಗಿರಾಕಿ.

ಹಿತ್ತಿಲ ಕಡೆಯ ಕೋಣೆಯಲ್ಲಿ ಅವಳ ಗಂಡ ಲೇತಿನ ಮೇಲೆ ಮರದ, ಕೊಂಬಿನ, ಚಿಪ್ಪಿನ ಗುಂಡಿಗಳನ್ನು ಕಡೆಯುತ್ತಿದ್ದ. ಆತ ಮಾತಿಗೂ ಗುಂಡಿ ಹಾಕಿಕೊಂಡ ಆಸಾಮಿ. ಊರಿನ ದರ್ಜಿಗಳೆಲ್ಲ ಸಿದ್ಧ ಉಡುಪಿನ ಮುಂದೆ ದರ್ಜೆ ಕಳೆದುಕೊಂಡು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದ ಮೇಲೆ, ಆ ಗುಂಡಿಗಳನ್ನು ಕೇಳುವವರಿಲ್ಲದೆ ಮನೆಯೇ ಗುಂಡಿಗೆ ಬೀಳುವ ಕಾಲ ಬಂತು. ಆಗ ಸೊಸೆ ಸಂಬಳವಿಲ್ಲದ ರಜೆ ಹಾಕಿ, ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆದು, ಹೊರದೇಶಗಳಿಗೆ ಮಾರುತ್ತೇನೆಂದು ಪಟ್ಟು ಹಿಡಿದು ಕೂತಳು. ರಜೆ ಮುಗಿಯುವವರೆಗೆ ಮಾತ್ರ ಅವಳ ಕುರ್ಚಿಯನ್ನು ಖಾಲಿ ಇಡುವುದಾಗಿ ಕಚೇರಿಯವರು ಹೇಳಿದ್ದರು. ಅಷ್ಟರೊಳಗೆ ಕೊಳ್ಳುವವರು ಸಿಗದಿದ್ದರೆ ಅವಳು ಕುರ್ಚಿಗೆ, ಲೇತು ಗುಜರಿಗೆ.

ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಕ್ಕ ಆ ಅಂಗಡಿ ಮರ್ಯಾದಸ್ಥ ಅಂಗಡಿಯೇ. ಬಂದವರ ದೇಶ ಯಾವುದೆಂದು ನೋಡಿ ಆ ದೇಶದ ನಾಣ್ಯದಲ್ಲೇ ಬೆಲೆ ಹೇಳುವ ಸೌಜನ್ಯ ಅದಕ್ಕಿತ್ತು. ಆದರೆ ಬರಿಯ ಅಂಗಡಿಯಿಂದ ವ್ಯಾಪಾರವಾಗುವುದಿಲ್ಲವೆಂದು ಬಲ್ಲವರು ಹೇಳಿದರೆಂದು ಅವಳು ಒಂದೊಂದಾಗಿ ಆ್ಯಪುಗಳನ್ನು ಸೇರಿಸಿದಳು: ರಿಯಾಯಿತಿ ಕೊಡಲು ಒಂದು, ಆರಿಸಿದ್ದನ್ನು ಪಕ್ಕದಲ್ಲೇ ಬುಟ್ಟಿಯಲ್ಲಿಟ್ಟು ತೋರಿಸಲು ಮತ್ತೊಂದು, ಇನ್ನಿಷ್ಟು ಕೊಂಡರೆ ಸಾಗಣೆ ಉಚಿತ ಎಂದು ಹಣೆಪಟ್ಟಿ ಕಟ್ಟಲು ಮಗದೊಂದು, ಉಡುಗೊರೆಯ ಕಾಗದ ಸುತ್ತಿಕೊಡಲು ಇನ್ನೊಂದು. ಪ್ರತಿಯೊಂದೂ ಸಕಲ ನಾಣ್ಯಗಳಿಗೂ ಹೊಂದಿಕೊಳ್ಳುತ್ತೇನೆಂದು ಪ್ರಮಾಣ ಮಾಡಿಯೇ ಒಳಗೆ ಕಾಲಿಟ್ಟಿತ್ತು. ಒಳಗೆ ಬಂದ ಮೇಲೆ ನೋಡಿದರೆ ಒಂದೇ ಅಡುಗೆಮನೆಯ ವಾರಗಿತ್ತಿಯರು! ಬಂದವರೆದುರು ನಗುನಗುತ್ತಲೇ, ಒಬ್ಬಳು ಹಾಕಿದ ಉಪ್ಪು ಇನ್ನೊಬ್ಬಳ ಲೆಕ್ಕಕ್ಕಿಲ್ಲ.

ಇದನ್ನು ಮೊದಲು ಕಂಡುಹಿಡಿದವರು ಮಾವ. ಹೊರಗಿನವರಿಗೆ ಅಂಗಡಿ ಹೇಗೆ ಕಾಣುತ್ತದೆಂದು ಸ್ವಲ್ಪ ನೋಡಿ ಹೇಳಿ ಎಂದು, ಫೋನಿನಲ್ಲಿ ದೇಶ ಬದಲಾಯಿಸುವುದನ್ನು ಕಲಿಸಿಕೊಟ್ಟವಳು ಅವಳೇ. ಆ ತಪ್ಪಿಗೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ನೋಡಿ ಹೇಳುವುದು ಮಾವನ ಜಾಯಮಾನವಲ್ಲ. ಅವರು ಕೋಟು ತೊಟ್ಟರು.

"ಮೇಡಂ, ಬಾಗಿಲಲ್ಲಿ ಹನ್ನೆರಡು ಅಂದ್ರಿ. ಬುಟ್ಟಿಗೆ ಹಾಕಿದ್ರೆ ಸಾವಿರ ಅಂತಿದೆ. ನಾಲ್ಕು ಗುಂಡಿಗೆ ಸಾವಿರವೇ?"

"ಅದು ನಮ್ಮ ನಾಣ್ಯದಲ್ಲಿ ತೋರಿಸ್ತಿದೆ ಮಾವ. ದುಡ್ಡು ಕಟ್ಟೋ ಕಡೆ ಮತ್ತೆ ಹನ್ನೆರಡೇ ಬರತ್ತೆ."

"ನಿಮ್ಮ ನಾಣ್ಯ ನನಗೆ ಹೇಗೆ ಗೊತ್ತಾಗಬೇಕು? ನಾನೇನು ನಿಮ್ಮ ಮಾವನೇ?" ಎಂದವರೇ ಫೋನನ್ನು ಮೇಜಿನ ಮೇಲಿಟ್ಟು, "ನಾನು ತಗೊಳ್ಳಲ್ಲ" ಎಂದು ತೀರ್ಪಿತ್ತು, ಹಿಮ ತುಳಿಯುತ್ತ ಹೊರಟುಹೋದರು.

ತಲೆ ಚಿಟ್ಟು ಹಿಡಿಸುತ್ತಿದ್ದುದು ಇದಕ್ಕಿಂತ ಅನಂತರದ ಭಾಗ. ಕೋಟು ಮೊಳೆಗೆ ಸೇರುತ್ತಿದ್ದಂತೆಯೇ ಚಪ್ಪಲಿಯ ಸದ್ದು ಮರಳಿ ಬರುತ್ತಿತ್ತು. ಬಾಗಿಲು ತಟ್ಟದೆ ಒಳಬಂದ ಮಾವ, ಕಾಫಿ ಇದೆಯೇನಮ್ಮ ಎಂದು ಕೇಳಿ, ಅವಳ ಮುಖ ನೋಡಿ, ಯಾಕೆ ಸಪ್ಪಗಿದ್ದೀಯ ಎಂದು ನಿಜವಾದ ಕಾಳಜಿಯಿಂದ ವಿಚಾರಿಸುತ್ತಿದ್ದರು.

"ಯಾರೋ ಗಿರಾಕಿ ಬಂದಿದ್ರು ಮಾವ."

"ತಗೊಂಡ್ರಾ?"

"ಇಲ್ಲ."

"ಏನು ಮಾಡೋಕಾಗತ್ತೆ, ಕೆಲವರು ಹಾಗೇ," ಎಂದು ಅವರು ಕಾಫಿ ಹೀರುತ್ತಿದ್ದರು.

ಅವಳು ಬುಟ್ಟಿಯ ಆ್ಯಪಿನವರಿಗೆ ಬರೆದಳು. ನಮ್ಮ ಕಡೆ ಎಲ್ಲ ಸರಿಯಾಗಿದೆ, ರಿಯಾಯಿತಿಯವರನ್ನು ಕೇಳಿ ಎಂದರು. ರಿಯಾಯಿತಿಯವರು, ನಮ್ಮ ಕಡೆ ಎಲ್ಲ ಸರಿಯಾಗಿದೆ, ಹಣೆಪಟ್ಟಿಯವರ ಕಿತಾಪತಿ ಇರಬೇಕು ಎಂದರು. ಹಣೆಪಟ್ಟಿಯವರು ಯಾರ ಮೇಲೂ ಗೂಬೆ ಕೂರಿಸದೆ, ತಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರು. ಬುಟ್ಟಿ ಬದಲಿಸಿದರೆ ರಿಯಾಯಿತಿ ಮಾಯ; ರಿಯಾಯಿತಿಯನ್ನು ರಮಿಸಿ ಕರೆತಂದರೆ ಹಣೆಪಟ್ಟಿ ಮುನಿದು, ಕೂಲಿಕಾರನೊಬ್ಬನ ತಿಂಗಳ ಸಂಬಳದಷ್ಟು ಗುಂಡಿ ಕೊಂಡರೆ ಸಾಗಣೆ ಉಚಿತವೆಂದು ಸಾರುವುದು. ಪ್ರತಿ ದುರಸ್ತಿಯ ಬೆನ್ನಿಗೂ ಬಾಗಿಲು ತಟ್ಟುವ ಸದ್ದು. ಪ್ರತಿ ಸದ್ದಿನ ಕೊನೆಗೂ ಅದೇ ತೀರ್ಪು. ಲೋಕದ ಯಾವ ಗಿರಾಕಿಯೂ ಇನ್ನೂ ಕಾಲಿಡದ ಅಂಗಡಿಯಿಂದ ಸಕಲ ರಾಷ್ಟ್ರಗಳ ಗಿರಾಕಿಗಳೂ ಬರಿಗೈಯಲ್ಲಿ ಮರಳಿಹೋಗುತ್ತಿದ್ದರು.

ಒಂದು ದಿನ ತಡೆಯಲಾರದೆ ಅವಳು ಲೇತಿನ ಕೋಣೆಗೆ ಹೋಗಿ ಗಂಡನ ಮೇಲೆ ಹರಿಹಾಯ್ದಳು. ಆತ ಲೇತು ನಿಲ್ಲಿಸಿದ. ಮಾತಿನ ಗುಂಡಿ ಬಿಚ್ಚಿದ್ದು ಆವತ್ತೇ. ಅಪ್ಪ ಒಂದು ದೊಡ್ಡ ಬಟ್ಟೆಯಂಗಡಿಯಲ್ಲಿ ದೂರುಗಳ ಕಿಟಕಿಯ ಹಿಂದೆ ಕೂತೇ ಕೂದಲು ನರೆಸಿಕೊಂಡವರೆಂಬುದು ಅವಳಿಗೆ ಗೊತ್ತಿತ್ತು. ಕೋಟಿನ ಕತೆ ಗೊತ್ತಿರಲಿಲ್ಲ. ಚಳಿಗಾಲದ ಒಂದು ಸಂಜೆ ಯಾರೋ ಆ ಕೋಟು ತಂದು, ಒಂದೇ ವಾರಕ್ಕೆ ಗುಂಡಿಗಳೆಲ್ಲ ಉದುರಿದವೆಂದು ಹೇಳಿದನಂತೆ. ತೊಟ್ಟ ಬಟ್ಟೆ ವಾಪಸಿಲ್ಲವೆಂಬುದು ಯಜಮಾನರ ಕಟ್ಟಪ್ಪಣೆ. ಅಪ್ಪ ದಿನವೂ ಹೇಳುವ ಮಾತನ್ನೇ ಹೇಳಿದರಂತೆ: ಕ್ಷಮಿಸಿ, ನಮ್ಮ ಕಡೆ ಎಲ್ಲ ಸರಿಯಾಗಿದೆ. ಆ ಮನುಷ್ಯ ಜಗಳವಾಡಲಿಲ್ಲ. ಕೋಟನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು, ಬರಿಯ ಅಂಗಿಯಲ್ಲಿ ಆ ಚಳಿಗೆ ಇಳಿದು ಹೋದ. ಮತ್ತೆ ಬರಲೇ ಇಲ್ಲ.

ಗುಂಡಿ ಮಾಡುವವರ ಮನೆಯಲ್ಲಿ ಗುಂಡಿಯಿಲ್ಲದ ಕೋಟು ತೊಡುವುದನ್ನು ಅವಳು ಅದುವರೆಗೆ ಮಾವನ ಜಿಪುಣತನವೆಂದೇ ಎಣಿಸಿದ್ದಳು. ಮಗ ಒಮ್ಮೆ ಅದಕ್ಕೆಂದೇ ಕೊಂಬಿನ ಗುಂಡಿಗಳನ್ನು ಕಡೆದು ಕೊಟ್ಟಿದ್ದನಂತೆ. "ಬೇಡಪ್ಪ, ಗುಂಡಿ ಹೊಲಿದ್ರೆ ಅದು ನನ್ನ ಕೋಟಾಗಿಬಿಡತ್ತೆ" ಎಂದು ಅಪ್ಪ ಹಿಂದಿರುಗಿಸಿದರಂತೆ.

ಕತೆ ಕೇಳಿ ಅವಳ ಮನಸ್ಸು ಕರಗಿತು, ಸಿಟ್ಟು ಕರಗಲಿಲ್ಲ. ರಜೆ ಮುಗಿಯುತ್ತ ಬಂದಿತ್ತು. ಮಾವ ಕ್ಷೌರಕ್ಕೆ ಹೋದ ಹೊತ್ತು ನೋಡಿ ಅವಳು ಅಂಗಡಿಯನ್ನು ಹೊರಲೋಕಕ್ಕೆ ತೆರೆದೇಬಿಟ್ಟಳು.

ಮತ್ತು ಗಿರಾಕಿ ಬಂದಳು, ಕೋಟಿಲ್ಲದ ನಿಜವಾದ ಗಿರಾಕಿ. ದೂರದ ಯಾವುದೋ ಊರಲ್ಲಿ ಮಕ್ಕಳ ಸ್ವೆಟರ್ ಹೆಣೆದು ಮಾರುವ ಹೆಂಗಸು. ಮರದ ಗುಂಡಿಗಳನ್ನು ಆರಿಸಿ, ಉಡುಗೊರೆಯ ಕಾಗದವನ್ನೂ ಕೇಳಿ, ತಕರಾರಿಲ್ಲದೆ ದುಡ್ಡು ಕಟ್ಟಿದಳು. ಪೊಟ್ಟಣ ತಲುಪಿದ ಮೇಲೆ ಐದು ನಕ್ಷತ್ರವನ್ನೂ ಕೊಟ್ಟಳು. ಸೊಸೆ ಅದನ್ನು ಮಾವನಿಗೆ ತೋರಿಸಿದ ಭಂಗಿಯಲ್ಲಿ ಸಾಕಷ್ಟು ಗರ್ವವಿತ್ತು. ಮಾವ ತಮ್ಮ ಫೋನು ಹಿಡಿದುಕೊಂಡು ಕೋಣೆಗೆ ಹೋದರು. ಅಷ್ಟು ದಿನದ ಅವರ ಪರೀಕ್ಷೆಗಳಲ್ಲಿ ಒಂದು ಲೋಪವಿತ್ತು: ಸುತ್ತುವ ಕಾಗದಕ್ಕೆ ದುಡ್ಡು ಕೊಡುವವರೂ ಇರುತ್ತಾರೆಂಬುದು ಹೊಳೆಯದೆ, ಪರದೆಯ ಮೇಲೆ ಉಡುಗೊರೆಯ ಕಾಗದ ಬೇಕೇ ಎಂದು ಕೇಳುವ ಚೌಕಕ್ಕೆ ಅವರು ಒಮ್ಮೆಯೂ ಬೆರಳು ತಾಗಿಸಿರಲಿಲ್ಲ. ಈಗ ತಾಗಿಸಿದರು.

ಬಾಗಿಲು ತಟ್ಟಿದ ಸದ್ದಾಯಿತು.

"ಮೇಡಂ, ನನ್ನ ದುಡ್ಡು ವಾಪಸ್ ಕೊಡಿ."

ನಮ್ಮ ನಾಣ್ಯದಲ್ಲಿ ಎಂಬತ್ತಿದ್ದ ಕಾಗದದ ಬೆಲೆ ಸ್ವೆಟರ್ ಹೆಣೆಯುವವಳ ದೇಶದಲ್ಲೂ ಎಂಬತ್ತಾಗಿಯೇ ಉಳಿದಿತ್ತು. ಆ್ಯಪು ಚಿಹ್ನೆಯನ್ನಷ್ಟೇ ಬದಲಿಸಿ ಕೈತೊಳೆದುಕೊಂಡಿತ್ತು. ಅಲ್ಲಿಯ ಎಂಬತ್ತೆಂದರೆ ಒಳ್ಳೆಯದೊಂದು ಜೊತೆ ಬೂಟು. ಬಂದ ಒಟ್ಟು ಮೊತ್ತವನ್ನಷ್ಟೇ ನೋಡಿದ್ದ ಸೊಸೆ ಆ ಗಳಿಕೆಯನ್ನು ನಂಬಿ ಮರದ ತುಂಡುಗಳಿಗೆ ಹೇಳಿಯೂ ಆಗಿತ್ತು.

"ಆಕೆ ಏನೂ ಹೇಳಿಲ್ಲ ಮಾವ. ಐದು ನಕ್ಷತ್ರ ಬೇರೆ ಕೊಟ್ಟಿದ್ದಾಳೆ."

"ಹೇಳೋಕೆ ಬಂದವರನ್ನ ನಾನು ಕಿಟಕೀಲಿ ನೋಡಿದ್ದೀನಿ ಮೇಡಂ. ಕಿಟಕಿವರೆಗೂ ಬರದೇ ಹೋದವರೇ ಜಾಸ್ತಿ."

"ಮಾವ, ಮೊದಲು ಆ ಕೋಟು ತೆಗೀರಿ. ಕೂತು ಮಾತಾಡೋಣ."

ಅವರು ಎರಡೂ ಕೈಗಳಿಂದ ಕೋಟಿನ ಅಂಚುಗಳನ್ನು ಎಳೆದು ಹಿಡಿದುಕೊಂಡರು. ಗುಂಡಿಯಿಲ್ಲದ್ದು, ಬಿಟ್ಟರೆ ತೆರೆದುಕೊಳ್ಳುತ್ತಿತ್ತು.

"ತೆಗೆದ್ರೆ ನಾನು ನಿನ್ನ ಕಡೆಯವನಾಗಿಬಿಡ್ತೀನಮ್ಮ."

ಆ ಒಂದು 'ಅಮ್ಮ'ನಿಗೆ ಅವಳು ಸೋತಳು. ಹಲ್ಲು ಕಚ್ಚಿಕೊಂಡೇ ಆ ಹೆಂಗಸಿಗೆ ಕಾಗದದ ದುಡ್ಡು ಮರಳಿಸಿದಳು, ವಿವರಿಸಿ ಪತ್ರ ಬರೆದಳು. ನಾಣ್ಯ ಬರುವಾಗ ಒಂದು ದರ, ಹೋಗುವಾಗ ಒಂದು ದರ. ಬಂದದ್ದಕ್ಕಿಂತ ಹೋದದ್ದೇ ಹೆಚ್ಚಾಯಿತು.

ಉತ್ತರ ಬರಲು ತಡವಾಗಲಿಲ್ಲ. ನಿಮ್ಮ ದೇಶದಲ್ಲಿ ಕಾಗದ ಅಮೂಲ್ಯ ವಸ್ತುವೇ ಇರಬೇಕು ಅಂದುಕೊಂಡಿದ್ದೆ ಎಂದು ಆ ಹೆಂಗಸು ಬರೆದಿದ್ದಳು. ಹಾಗಾಗಿ ಹರಿಯದೆ, ಅಂಟನ್ನು ಆವಿಗೆ ಹಿಡಿದು ಬಿಡಿಸಿ, ಮಡಿಸಿ, ಒಳ್ಳೆಯ ಬಟ್ಟೆಗಳ ನಡುವೆ ಇಟ್ಟಿದ್ದೇನೆ. ನಿಜವಾದ ಬೆಲೆ ತಿಳಿದ ಮೇಲೂ ಯಾಕೋ ಎಸೆಯಲು ಮನಸ್ಸು ಬರುತ್ತಿಲ್ಲ. ಇನ್ನಷ್ಟು ಗುಂಡಿ ಕಳಿಸಿ, ಕಾಗದ ಬೇಡ.

ಸೊಸೆ ಆ ದಿನ ಆ್ಯಪುಗಳನ್ನೆಲ್ಲ ಒಂದೊಂದಾಗಿ ಅಂಗಡಿಯಿಂದ ಸಾಗಹಾಕಿದಳು. ಬರಿಯ ಅಂಗಡಿ, ಬಾಗಿಲಿನಿಂದ ಗಲ್ಲಾದವರೆಗೆ ಒಂದೇ ಬೆಲೆ. ಆಮೇಲೆ ಕಚೇರಿಗೆ ಫೋನು ಮಾಡಿ, ಕುರ್ಚಿಯನ್ನು ಬೇರೆಯವರಿಗೆ ಕೊಡಿ ಎಂದಳು. ಅಂಗಡಿ ಗೆದ್ದಿತೆಂದಲ್ಲ, ಕೈಯಲ್ಲಿದ್ದುದು ಒಬ್ಬಳೇ ಗಿರಾಕಿಯ ಎರಡನೆಯ ಬೇಡಿಕೆ. ಫೋನು ಕೆಳಗಿಡುವಾಗ ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು. ಅವಳು ಹಣೆ ಚಚ್ಚಿಕೊಂಡು, "ಬನ್ನಿ ಸಾರ್, ಯಾವ ದೇಶದಿಂದ ಬಂದ್ರಿ?" ಎಂದಳು.

ತಂತಮ್ಮ ಕೋಟಿಗೆ ಭದ್ರವಾಗಿ ಗುಂಡಿ ಹೊಲಿದುಕೊಂಡು ಬೆಚ್ಚಗಿರುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಅವರೊಡನೆ ಸಂಸಾರ ಸುಗಮ, ವ್ಯಾಪಾರವೂ ಸುಗಮ. ಪರರ ಕೋಟನ್ನು ತೊಟ್ಟು, ಕಂಡರಿಯದವರ ಚಳಿಗೆ ನಡುಗುತ್ತ, ತಮ್ಮ ಮನೆಯವರ ಬಾಗಿಲನ್ನೇ ಬಂದು ತಟ್ಟುವ ಇನ್ನೊಂದು ಜಾತಿಯ ಜನ ಅಲ್ಲಲ್ಲಿ ಒಬ್ಬೊಬ್ಬರಿರುತ್ತಾರೆ. ಅವರು ಯಾರ ಪರವಾಗಿ ಹೋರಾಡಿದರೋ ಆ ದೂರದವರಿಗೆ ಅವರ ಹೆಸರೂ ತಿಳಿಯುವುದಿಲ್ಲ; ಅವರ ಕಾಟವೆಲ್ಲ ಹತ್ತಿರದವರ ಪಾಲಿಗೆ. ಇವರೊಡನೆ ಏಗುವುದು ಕಷ್ಟ. ಆದರೆ ಒಮ್ಮೆ ಇವರಿಗೆ ಬಾಗಿಲು ತೆರೆದವರಿಗೆ, ಸದ್ದು ಕೇಳಿಯೂ ಕೇಳದಂತೆ ಕೂರುವುದು ಆಮೇಲೆ ಎಂದೂ ಸಾಧ್ಯವಾಗುವುದಿಲ್ಲ.