ಬೆಂಚು ಕಾಯ್ದವನ ಮುಖಪುಟ

ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷವೂ ಹಾರ್ಲನ್ ಪ್ರೂಯಿಟ್‌ಗೆ ಇದ್ದದ್ದು ಒಂದೇ ಕೆಲಸ: ಬೆಂಚು ಬೆಚ್ಚಗಿಡುವುದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇವನಿಗೆ ಬೀಳುವ ಯೋಗವೂ ಇರಲಿಲ್ಲ. ಒಂದೇ ಒಂದು ಪಂದ್ಯದಲ್ಲೂ ಕೋಚ್ ಡೀಟ್ರಿಕ್ ಇವನ ಹೆಸರು ಕೂಗಲಿಲ್ಲ. ಅಂಗಿ ಒಗೆಯುವ ಹೆಂಗಸಿಗೆ ಮಾತ್ರ ಇವನೆಂದರೆ ಪ್ರಾಣ, ಕೆಸರೇ ಹತ್ತುತ್ತಿರಲಿಲ್ಲವಲ್ಲ.

ಆಮೇಲೆ ಅವನು ಚಿತ್ರಕಾರನಾದ. ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಬೀಜದ ಚೀಲಗಳ ಮೇಲೆ ಮೆಕ್ಕೆಜೋಳದ ತೆನೆ ಬರೆದು ಹೊಟ್ಟೆ ಹೊರೆದ. ಎಲೆ ಉದುರುವ ಕಾಲ ಬಂತೆಂದರೆ ತನ್ನ ಹಳೆಯ ಕಾಲೇಜು ಪಂದ್ಯದ ದಿನ ಮಾರುವ ಪುಸ್ತಿಕೆಗೆ ಮುಖಪುಟ ಬರೆಯುತ್ತಿದ್ದ. ಅಲ್ಲಿನ ಫುಟ್‌ಬಾಲಿನ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ವೀರ, ಅವನ ಹಿಂದೆ ಉರುಳಿಬಿದ್ದ ಎದುರಾಳಿಗಳು, ಮೂಲೆಯಲ್ಲಿ ಕೋಟಿಗೆ ದೊಡ್ಡ ಹಳದಿ ಸೇವಂತಿಗೆ ಸಿಕ್ಕಿಸಿಕೊಂಡ ಚೆಲುವೆ. ಪ್ರತಿ ವರ್ಷವೂ ವೀರನಿಗೆ ಒಂದೇ ಮುಖ. ಅದು ಯಾರ ಮುಖವೆಂದು ಹೆಂಡತಿ ವರ್ನಾಗೆ ಮಾತ್ರ ಗೊತ್ತಿತ್ತು.

"ಮೂಗೇನೋ ನಿಂದೇ, ಒಪ್ಕೋತೀನಿ. ಈ ಗದ್ದ ಯಾರ ಹತ್ರ ಕಡ ತಂದೆ?" ಎಂದು ಅವಳು ಕೇಳುತ್ತಿದ್ದಳು.

"ಆಗ ನಂಗೂ ಗದ್ದ ಇತ್ತು ಕಣೇ."

"ಇತ್ತು ಬಿಡು. ಈ ಭುಜಾನೂ ಇತ್ತಾ?"

ಭುಜವನ್ನು ಅವನು ಪಕ್ಕದ ಬೀದಿಯ ಮಾಂಸದಂಗಡಿಯವನನ್ನು ನೋಡಿ ಬರೆದಿದ್ದ. ಸುಳ್ಳು ಹೇಳುವುದಾದರೆ ದಷ್ಟಪುಷ್ಟವಾದ ಸುಳ್ಳನ್ನೇ ಹೇಳಬೇಕು ಎಂಬುದು ಅವನ ಧರ್ಮ.

ನಲವತ್ತೊಂಬತ್ತನೇ ಇಸವಿಯಲ್ಲಿ, ಹಳೆಯ ವಿದ್ಯಾರ್ಥಿಗಳೆಲ್ಲ ಮರಳಿ ಬರುವ ಪಂದ್ಯಕ್ಕೆ ಮುದುಕ ಡೀಟ್ರಿಕ್ ಕೂಡ ಬರುತ್ತಾರೆಂಬ ಸುದ್ದಿ ಬಂತು. ಹಾರ್ಲನ್‌ಗೆ ನಿದ್ದೆ ಹಾರಿಹೋಯಿತು. ಕೋಚ್ ಆ ಮುಖಪುಟ ನೋಡಬೇಕು, ನೋಡಿದ ಕೂಡಲೇ ಗುರುತು ಹಿಡಿಯಬೇಕು, 'ಅಯ್ಯೋ, ಇವನನ್ನು ಆಡಿಸಬೇಕಿತ್ತು' ಎನ್ನಬೇಕು. ಐವತ್ತು ವರ್ಷದ ಗಂಡಸಿನ ಆಸೆ ನೋಡಿ! ತನಗೇ ನಾಚಿಕೆಯಾಗುತ್ತಿದ್ದರೂ ಅವನು ಕನ್ನಡಿಯ ಮುಂದೆ ರಗ್ಗಿನ ಉಂಡೆ ಹಿಡಿದು ಓಡುವ ಭಂಗಿಯಲ್ಲಿ ನಿಂತ, ನೋಡಿ ನೋಡಿ ಬರೆದ.

ಶನಿವಾರ ಬೆಳಗಿನ ಮಳೆ ನಿಂತಿತ್ತು, ಮೈದಾನದ ಸುತ್ತ ಜನ ಕೂರುವ ಹಲಗೆಗಳು ಮಾತ್ರ ಇನ್ನೂ ಒದ್ದೆ. ಹೆಣ್ಣಿನ ತಂದೆ ಮದುವೆ ಮನೆಯ ಬಾಗಿಲಲ್ಲಿ ನಿಂತ ಹಾಗೆ ಹಾರ್ಲನ್ ಗೇಟಿನ ಬಳಿ ನಿಂತ. ಜನ ಪುಸ್ತಿಕೆ ಕೊಂಡರು. ಮುಖಪುಟದತ್ತ ಕಣ್ಣೂ ಹಾಯಿಸದೆ ಮೆಟ್ಟಿಲೇರಿ, ಒದ್ದೆ ಹಲಗೆಯ ಮೇಲೆ ಅದನ್ನು ಹಾಸಿ, ಅದರ ಮೇಲೆ ಕುಳಿತರು. ನಾಲ್ಕು ವರ್ಷ ತಾನು ಬೆಂಚಿನ ಮೇಲೆ ಕುಳಿತದ್ದಾಯಿತು, ಈಗ ಊರಿಗೆ ಊರೇ ತನ್ನ ಮೇಲೆ ಕುಳಿತಿದೆ. ಹಾರ್ಲನ್‌ಗೆ ಜೋರಾಗಿ ನಗು ಬಂತು.

"ದಪ್ಪ ಕಾಗದ ಹಾಕ್ಸಿದ್ದು ಒಳ್ಳೇದೇ ಆಯ್ತು," ಎಂದಳು ಪಕ್ಕದಲ್ಲಿದ್ದ ವರ್ನಾ.

ಅಷ್ಟರಲ್ಲಿ ಕೋಲೂರಿಕೊಂಡು ಡೀಟ್ರಿಕ್ ಬಂದರು. ಹಾರ್ಲನ್ ಅವರನ್ನು ಕೈಹಿಡಿದು ಮೇಲಿನ ಸಾಲಿಗೆ ಹತ್ತಿಸಿ, ಪುಸ್ತಿಕೆ ಕೈಗಿಟ್ಟ. ಮುದುಕರು ಅದನ್ನು ದೂರ ಹಿಡಿದು ನೋಡಿದರು.

"ಯಾರೋ ಇವ್ನು?"

"ಯಾರೋ ಒಬ್ಬ ಆಟಗಾರ, ಕೋಚ್." ಹಾರ್ಲನ್‌ನ ಕಣ್ಣು ಮುದುಕರ ಮುಖದ ಮೇಲೇ ಇತ್ತು.

"ಆಟಗಾರನಾ? ಚೆಂಡು ಹಿಡಿದಿರೋದು ನೋಡು! ಮೈಗೆ ಅವುಚ್ಕೊಳ್ದೆ, ಬೇರೆಯವ್ರ ಕೂಸು ಎತ್ಕೊಂಡಂಗೆ ದೂರ ಹಿಡಿದಿದ್ದಾನೆ. ಯಾರಾದ್ರೂ ಕೆಮ್ಮಿದ್ರೂ ಬೀಳಿಸ್ತಾನೆ. ನನ್ ತಂಡದಲ್ಲೂ ಹೀಗೇ ಹಿಡಿಯೋನೊಬ್ಬ ಇದ್ದ. ಎಷ್ಟು ಬಡ್ಕೊಂಡ್ರೂ ಕಲೀಲಿಲ್ಲ. ಅದಕ್ಕೇ ಅವನನ್ನ ಒಂದ್ಸಲಾನೂ ಆಡಿಸ್ಲಿಲ್ಲ. ಏನವನ ಹೆಸ್ರು... ಪ್ರೂಯಿಟ್!"

ಮುದುಕರು ತಲೆಯೆತ್ತಿದರು. "ನೀನೇ ಅಲ್ವೇನೋ?"

"ನಾನೇ, ಕೋಚ್."

ಹಾರ್ಲನ್‌ಗೆ ಕಿವಿಯವರೆಗೂ ಬಿಸಿಯೇರಿತು. ಗದ್ದ ತಿದ್ದಿದ್ದ, ಭುಜ ತಿದ್ದಿದ್ದ, ಕೈಯೊಂದನ್ನೇ ಪ್ರಾಮಾಣಿಕವಾಗಿ ಬರೆದಿದ್ದ. ತನ್ನನ್ನು ಯಾಕೆ ಬೆಂಚಿನಲ್ಲಿ ಕೂರಿಸಿದರೆಂಬುದನ್ನು ವರ್ಷ ವರ್ಷವೂ ತಾನೇ ಬಣ್ಣದಲ್ಲಿ ಅಚ್ಚು ಹಾಕಿಸಿ ಹಂಚಿದ್ದ!

ಡೀಟ್ರಿಕ್ ಪುಸ್ತಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಇವನ ಕಂಕುಳಿಗೆ ತುರುಕಿದರು. "ಮೊಣಕೈ ಒತ್ತು. ತುದಿ ಅಂಗೈಯಲ್ಲಿರ್ಲಿ. ಹಾಂ, ಪಕ್ಕೆಗೆ ಅಂಟ್ಸು. ಇಷ್ಟೇ ಕಣೋ ದಡ್ಡ! ಇಷ್ಟಕ್ಕೆ ನಾಲ್ಕು ವರ್ಷ ಸಾಲ್ಲಿಲ್ವ ನಿಂಗೆ?"

ಪಂದ್ಯ ಶುರುವಾಯಿತು. ಚಳಿಗಾಳಿ ಎದ್ದಿತು. ಇದ್ದಕ್ಕಿದ್ದಂತೆ ಡೀಟ್ರಿಕ್ ಹಲಗೆಗೆ ಕೋಲು ಕುಟ್ಟಿ, ಹತ್ತು ಸಾಲಿಗೆ ಕೇಳುವಂತೆ ಕೂಗಿದರು.

"ಪ್ರೂಯಿಟ್! ಏಳು!"

ಹಾರ್ಲನ್ ಧಡಕ್ಕನೆ ಎದ್ದುನಿಂತ. "ಹೇಳಿ, ಕೋಚ್."

"ಕೈ ಮರಗಟ್ಟಿದೆ. ಬಿಸಿ ಕಾಫಿ ತಗೊಂಬಾ. ಓಡು!"

ಅವನಿಗೆ ಮಂಡಿನೋವಿತ್ತು, ಹೊಟ್ಟೆ ಬೆಲ್ಟಿನಿಂದ ಹೊರಗೆ ಬಂದಿತ್ತು. ಆದರೂ ಓಡಿದ. "ನಂಗೂ ಒಂದು!" ಎಂದು ವರ್ನಾ ಹಿಂದಿನಿಂದ ಕೂಗಿದಳು. ಕುಳಿತವರು ಗಾಬರಿಯಿಂದ ಕಾಲು ಮಡಚಿ ದಾರಿ ಬಿಟ್ಟರು. ಯಾರದೋ ಛತ್ರಿ ಅಡ್ಡ ಬಂತು, ಪಕ್ಕಕ್ಕೆ ಹೊರಳಿ ತಪ್ಪಿಸಿಕೊಂಡ. ಕೊನೆಯ ಮೆಟ್ಟಿಲು ಇಳಿಯುವವರೆಗೂ ಪುಸ್ತಿಕೆಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದ, ಬೀಳಿಸಲಿಲ್ಲ.